ಶೀಘ್ರಕ್ಕ ಬರೆದುಕೊಂಡ ಮಾತು

ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಅವಳನ್ನು ಶೀಘ್ರಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ಯಾರಾದರೂ ಚುರುಕಾದ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಅವರ ಪಾಡು ಕೇಳುವುದೇ ಬೇಡ. ಅವಳು ಮೆಟ್ಟಿಲು ಹತ್ತುವುದನ್ನು ನೋಡುತ್ತ ನಿಂತರೆ ನೋಡುವವರ ಮಂಡಿ ನೋಯುತ್ತಿತ್ತು. ಅವಳು ಕೊಡೆ ಬಿಚ್ಚುವಷ್ಟರಲ್ಲಿ ಮಳೆ ನಿಂತಿರುತ್ತಿತ್ತು. ಹುದ್ದೆಯ ಪಟ್ಟಿಯಲ್ಲಿ ಅವಳು ಶೀಘ್ರಲಿಪಿಗಾರ್ತಿ. ಅಷ್ಟುದ್ದದ ಪದವನ್ನು ದಿನಾ ಯಾರು ಹೇಳುತ್ತಾರೆ? ಲಿಪಿಯನ್ನು ಕೈಬಿಟ್ಟು ಶೀಘ್ರವನ್ನಷ್ಟೇ ಇಟ್ಟುಕೊಂಡರು. ಒಂದು ವಿಷಯದಲ್ಲಿ ಮಾತ್ರ ಹೆಸರು ಸುಳ್ಳಲ್ಲ. ಕೈಗೆ ಪೆನ್ಸಿಲು ಬಂತೆಂದರೆ, ಎದುರಿಗಿದ್ದವರು ಎಷ್ಟೇ ಬಡಬಡ ಮಾತಾಡಿದರೂ, ಒಂದು ಅಕ್ಷರ ಅವಳಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಮೂವತ್ತನಾಲ್ಕು ವರ್ಷದ ನೌಕರಿ. ಅದರಲ್ಲಿ ಕೊನೆಯ ಇಪ್ಪತ್ತೆರಡು ವರ್ಷ ತಾರತಮ್ಯ ಮತ್ತು ಲೈಂಗಿಕ ಕಿರುಕುಳ ತಡೆ ಸಮಿತಿಯಲ್ಲಿ. ಬಾಗಿಲಿನ ಮೇಲಿನ ಫಲಕದಲ್ಲಿ ಹೆಸರು ಪೂರ್ತಿ ಇತ್ತು, ಆದರೆ ಎಷ್ಟು ಸಣ್ಣ ಅಕ್ಷರದಲ್ಲೆಂದರೆ ಮೂಗು ತಾಗಿಸಿಯೇ ಓದಬೇಕು. ಹಾಗೆ ಮೂಗು ತಾಗಿಸಿ ನಿಂತವಳು ಯಾರು ಎಂದು ಓಡಾಡುವವರಿಗೆಲ್ಲ ಗೊತ್ತಾಗುತ್ತಿತ್ತು. ಕೋಣೆ ಆಡಳಿತ ಕಟ್ಟಡದ ಹಿಂಭಾಗದಲ್ಲಿ, ನೀರಿನ ಪಂಪಿನ ಪಕ್ಕ. ದಿನಕ್ಕೆ ನಾಲ್ಕು ಸಲ ಪಂಪು ಶುರುವಾದಾಗ ಒಳಗೆ ದೂರು ಹೇಳುತ್ತಿದ್ದವರು ಬಾಯಿ ಮುಚ್ಚಿ ಕಾಯಬೇಕು. ಇನ್ನು ಗೋಡೆಗೆ ಹೊಡೆದ ದೂರು ಪೆಟ್ಟಿಗೆ. ಅದರ ಬೀಗದ ಕೈ ಕಳೆದು ಆರು ವರ್ಷವಾಗಿತ್ತು. ಕೊನೆಗೊಮ್ಮೆ ಬಡಗಿಯಿಂದ ಒಡೆಸಿದಾಗ ಒಳಗೆ ಚಾಕೊಲೇಟಿನ ಕಾಗದ, ಹಳೇ ಬಸ್ ಟಿಕೆಟು, ಕ್ಯಾಂಟೀನಿನ ಟೀ ನೀರಾಗಿದೆ ಎನ್ನುವ ಒಂದು ಸಹಿಯಿಲ್ಲದ ಪತ್ರ ಸಿಕ್ಕವು.

ವರ್ಷಕ್ಕೊಮ್ಮೆ ಜಾಗೃತಿ ಶಿಬಿರ ನಡೆಯುತ್ತಿತ್ತು. ಹಾಜರಿ ಪಟ್ಟಿ ಹಿಡಿದು ಬಾಗಿಲಲ್ಲಿ ಕೂರುವುದು ಶೀಘ್ರಕ್ಕನ ಕೆಲಸ. ಬರಬೇಕಾದವರು ಸಹಿ ಹಾಕಿ ಹೋಗುತ್ತಿದ್ದರು, ಬಂದು ಕೂತವರಿಗೆ ಆ ಜಾಗೃತಿಯ ಅಗತ್ಯವಿರಲಿಲ್ಲ. ಒಂದು ವರ್ಷ ವಂದನಾರ್ಪಣೆ ಮಾಡಿದ ಪ್ರಾಧ್ಯಾಪಕರ ಮೇಲೆಯೇ ಮುಂದೆ ದೂರು ಬಂತು. ಅದೇ ಈ ಕತೆ.

ಅದಕ್ಕೆ ಮೊದಲು ಅವಳ ಕೆಲಸದ ರೀತಿ ಹೇಳಬೇಕು. ಯಾರಾದರೂ ದೂರು ಕೊಡಲು ಬಂದರೆ ಸಮಿತಿಯ ಕಾರ್ಯದರ್ಶಿ ಪ್ರಶ್ನೆ ಕೇಳುತ್ತಾರೆ, ಬಂದವರು ಹೇಳುತ್ತಾರೆ, ಶೀಘ್ರಕ್ಕ ಬರೆದುಕೊಳ್ಳುತ್ತಾಳೆ. ಆಮೇಲೆ ಟೈಪು ಮಾಡಿ ಕೊಟ್ಟರೆ ಅವರು ಓದಿ ಪ್ರತಿ ಪುಟಕ್ಕೂ ಸಹಿ ಹಾಕಬೇಕು. ಅದೇ ಹೇಳಿಕೆ. ಮುಂದೆ ವಿಚಾರಣೆಯೆಲ್ಲ ನಿಲ್ಲುವುದು ಆ ಹಾಳೆಯ ಮೇಲೆ.

ಶೀಘ್ರಲಿಪಿಗೆ ನಾಚಿಕೆಯಿಲ್ಲ. ಕಿವಿಗೆ ಬಿದ್ದ ದನಿಯನ್ನು ಬಿದ್ದ ಹಾಗೆಯೇ ಗೀಟು, ಚುಕ್ಕೆ, ಕೊಕ್ಕೆಗಳಲ್ಲಿ ಹಿಡಿಯುವುದಷ್ಟೇ ಅದರ ಕೆಲಸ. ಶೀಘ್ರಕ್ಕನಿಗೆ ನಾಚಿಕೆ ಶುರುವಾಗುತ್ತಿದ್ದುದು ಟೈಪಿಗೆ ಕೂತಾಗ. ಮುಟ್ಟಿದ, ಹಿಡಿದ, ಎಳೆದ ಎನ್ನುವ ಮಾತನ್ನೆಲ್ಲ ಒಬ್ಬ ಹೆಣ್ಣುಮಗಳ ಹೆಸರಿನ ಕೆಳಗೆ ಕಪ್ಪು ಶಾಯಿಯಲ್ಲಿ ಹೇಗೆ ಇಡುವುದು? ನಾಳೆ ಫೈಲು ಹತ್ತು ಮೇಜು ಸುತ್ತುತ್ತದೆ, ಹತ್ತು ಜನ ಬಾಯಿ ಚಪ್ಪರಿಸಿ ಓದುತ್ತಾರೆ. ಆದ್ದರಿಂದ ಅವಳು ಅದನ್ನೆಲ್ಲ ‘ಅನುಚಿತವಾಗಿ ವರ್ತಿಸಿರುತ್ತಾರೆ’ ಎಂದು ಟೈಪು ಮಾಡುತ್ತಿದ್ದಳು. ಬಾಯಿಗೆ ಬಂದಂತೆ ಅಂದಿದ್ದು ‘ಅವಾಚ್ಯ ಶಬ್ದಗಳನ್ನು ಬಳಸಿರುತ್ತಾರೆ’ ಆಗುತ್ತಿತ್ತು. ಅತ್ತಿದ್ದು, ನಿದ್ದೆಗೆಟ್ಟಿದ್ದು, ಊಟ ಬಿಟ್ಟಿದ್ದು, ಓದನ್ನೇ ಬಿಡೋಣ ಅನ್ನಿಸಿದ್ದು ಎಲ್ಲ ಸೇರಿ ‘ಮನಸ್ಸಿಗೆ ನೋವುಂಟಾಗಿರುತ್ತದೆ’. ಎಂಥ ಗೋಳನ್ನೂ ಮೂರು ಸಾಲಿನಲ್ಲಿ ಇಸ್ತ್ರಿ ಮಾಡಿ ಮಡಚಿಡುವ ಕೈ ಅವಳದು. ಮೇಲಿನವರಿಗೆ ಇದು ಬಹಳ ಹಿಡಿಸಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಇಂಥ ಬರವಣಿಗೆ ಸಿಕ್ಕರೆ ಇನ್ನೇನು ಬೇಕು?

ಅವಳೇನೂ ಕೆಟ್ಟವಳಲ್ಲ. ಹುಡುಗಿಯರು ಅಳುತ್ತ ಬಂದರೆ ನೀರು ಕೊಡುತ್ತಿದ್ದಳು, ಫ್ಯಾನು ತನ್ನ ಕಡೆಯಿಂದ ಅವರ ಕಡೆಗೆ ತಿರುಗಿಸುತ್ತಿದ್ದಳು. ತಾನು ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದೇ ನಂಬಿದ್ದಳು. ಈ ನಂಬಿಕೆ ಎಲ್ಲಿಂದ ಬಂತೆಂದರೆ, ಇಪ್ಪತ್ತಾರನೇ ವಯಸ್ಸಿನಲ್ಲಿ ಅವಳು ಕಟ್ಟಡ ವಿಭಾಗದಲ್ಲಿದ್ದಾಗ ಅಲ್ಲಿನ ಅಧಿಕಾರಿಯೊಬ್ಬ ಪತ್ರ ಹೇಳಿ ಬರೆಸುವಾಗ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದ. ಮೊದಲು ಕುರ್ಚಿಯ ಮೇಲಿದ್ದ ಕೈ ವಾರದಲ್ಲಿ ಹೆಗಲಿಗೆ ಬಂತು, ತಿಂಗಳಲ್ಲಿ ಕುತ್ತಿಗೆಗೆ. ಅವಳು ಅಮ್ಮನಿಗೆ ಹೇಳಿದಳು. ಅಮ್ಮ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, “ಮುಳ್ಳು ಹೋಗಿ ಸೆರಗಿನ ಮೇಲೆ ಬಿದ್ರೂ, ಸೆರಗು ಹೋಗಿ ಮುಳ್ಳಿನ ಮೇಲೆ ಬಿದ್ರೂ ಹರಿಯೋದು ಸೆರಗೇ. ವರ್ಗ ಕೇಳು. ಯಾಕೆ ಅಂತ ಬರೀಬೇಡ” ಎಂದಳು. ಮಗಳು ‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆದುಕೊಟ್ಟಳು. ವಾರದಲ್ಲಿ ವರ್ಗವಾಯಿತು. ಏನನ್ನೂ ಹೇಳದ ಕಾಗದಕ್ಕೆ ಬೇಗ ಕೆಲಸವಾಗುತ್ತದೆ ಎಂದು ಅವಳು ಅವತ್ತು ಕಲಿತಳು. ಅವಳು ಬಿಟ್ಟು ಬಂದ ಕುರ್ಚಿಗೆ ಇನ್ನೊಬ್ಬ ಹುಡುಗಿ ಹೋಗಿ ಕೂತಳು ಎಂಬುದನ್ನು ಅವಳು ಕಲಿಯಲಿಲ್ಲ.

ನಿವೃತ್ತಿಗೆ ಇನ್ನು ಒಂದು ವರ್ಷವೂ ಇರಲಿಲ್ಲ. ಒಂದು ಮಧ್ಯಾಹ್ನ ಮಣ್ಣು ವಿಜ್ಞಾನ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಂದಳು. ಮೂರನೇ ವರ್ಷ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ಶೀಘ್ರಕ್ಕ ಮನಸ್ಸಿನಲ್ಲೇ ಅವಳನ್ನು ಮಣ್ಣಿನ ಹುಡುಗಿ ಎಂದು ಗುರುತಿಟ್ಟುಕೊಂಡಳು. ದೂರು ಅವಳ ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕರ ಮೇಲೆ. ಆಗಿನ ಕಾರ್ಯದರ್ಶಿಗೆ ವರ್ಗದ ಆದೇಶ ಬಂದಿತ್ತು, ಮನಸ್ಸೆಲ್ಲ ಸಾಮಾನು ಸಾಗಿಸುವ ಲಾರಿಯ ಮೇಲಿತ್ತು. ಅವರು ಫೈಲಿನಿಂದ ತಲೆಯೆತ್ತದೆ, “ಹೇಳಿ, ಏನಾಯ್ತು” ಎಂದರು.

“ಆರು ತಿಂಗಳ ವರದಿಗೆ ಸಹಿ ಬೇಕಿತ್ತು. ಎರಡು ಸಲ ಹೋದೆ, ಹೆಣ್ಣುಮಕ್ಕಳಿಗೆ ಯಾಕೆ ಈ ಹೊಲ ಸುತ್ತೋ ಕೆಲಸ ಅಂತ ವಾಪಸ್ ಕಳ್ಸಿದ್ರು. ಗಂಡುಹುಡುಗರದ್ದೆಲ್ಲ ಮಾಡಿಕೊಟ್ರು. ಮೂರನೇ ಸಲ ಹೋದಾಗ ಬಾಗಿಲಿಗೆ ಚಿಲಕ ಹಾಕಿದ್ರು,” ಎಂದು ಹುಡುಗಿ ಹೇಳುವಷ್ಟರಲ್ಲಿ ಪಂಪು ಶುರುವಾಯಿತು. ಎಲ್ಲರೂ ಸುಮ್ಮನೆ ಕೂತರು. ಹುಡುಗಿ ಮೇಜಿನ ಅಂಚನ್ನು ಹಿಡಿದು ಕಾದಳು. ಪಂಪು ನಿಂತ ಮೇಲೆ ಅಲ್ಲಿಂದಲೇ ಎತ್ತಿಕೊಂಡಳು. “ಚಿಲಕ ಹಾಕಿದ್ರು. ಸಹಿ ಬೇಕಾದ್ರೆ ಹತ್ರ ಬಾ ಅಂದ್ರು. ಸೊಂಟಕ್ಕೆ ಕೈ ಹಾಕಿ ಎಳ್ಕೊಂಡ್ರು. ನಾನು ಬೇಡ ಸರ್ ಅಂದೆ. ಬಿಡ್ಲಿಲ್ಲ. ಮತ್ತೆ ಬೇಡ ಸರ್ ಅಂದೆ.”

ಶೀಘ್ರಕ್ಕನ ಪೆನ್ಸಿಲು ಒಂದನ್ನೂ ಬಿಡದೆ ಬರೆದುಕೊಂಡಿತು. ಪುಸ್ತಕದಲ್ಲಿ ಐದು ಪುಟವಾದದ್ದು ಟೈಪಾಗಿ ಬಂದಾಗ ಒಂದೂಕಾಲು ಪುಟ. ಹುಡುಗಿ ಅದನ್ನು ಎರಡು ಸಲ ಓದಿದಳು.

“ಅಕ್ಕಾ, ಚಿಲಕ ಹಾಕಿದ್ದು ಇದ್ರಲ್ಲಿ ಎಲ್ಲಿದೆ?”

“ಎಲ್ಲಾ ಅದ್ರಲ್ಲೇ ಬಂತಮ್ಮ. ಅನುಚಿತವಾಗಿ ಅಂದ್ರೆ ಅದೇ. ಕಚೇರಿ ಭಾಷೆ ಇರೋದೇ ಹೀಗೆ,” ಎಂದಳು ಶೀಘ್ರಕ್ಕ. ಸಮಾಧಾನವಾಗಿ, ಅಕ್ಕರೆಯಿಂದಲೇ ಹೇಳಿದಳು. ಅಷ್ಟು ವರ್ಷದ ಅನುಭವಸ್ಥೆ ಹೇಳಿದ ಮೇಲೆ ಮಣ್ಣಿನ ಹುಡುಗಿ ಎರಡೂ ಪುಟಕ್ಕೆ ಸಹಿ ಹಾಕಿದಳು.

ಹತ್ತು ದಿನಕ್ಕೆ ಪ್ರಾಧ್ಯಾಪಕರ ಉತ್ತರ ಬಂತು. ಇಂಥ ಉತ್ತರಗಳೆಲ್ಲ ‘ಸುಳ್ಳು, ದುರುದ್ದೇಶಪೂರಿತ’ ಎಂದು ಶುರುವಾಗುವುದು ವಾಡಿಕೆ. ಇದು ಹಾಗಿರಲಿಲ್ಲ. ‘ದೂರನ್ನು ಒಪ್ಪಿಕೊಳ್ಳುತ್ತೇನೆ’ ಎಂದಿತ್ತು. ‘ಅಂದು ನಾನು ಅನುಚಿತವಾಗಿ ವರ್ತಿಸಿದ್ದು ನಿಜ. ವರದಿಯಲ್ಲಿ ತಪ್ಪುಗಳಿದ್ದುದರಿಂದ ಸಿಟ್ಟಿನ ಭರದಲ್ಲಿ ಕರಡನ್ನು ಮೇಜಿನ ಮೇಲೆ ಎಸೆದೆ, ಎತ್ತರದ ದನಿಯಲ್ಲಿ ಗದರಿದೆ. ವಿದ್ಯಾರ್ಥಿನಿಯ ಮನಸ್ಸಿಗೆ ನೋವುಂಟಾಗಿದ್ದಕ್ಕೆ ವಿಷಾದಿಸುತ್ತೇನೆ.’

ಶೀಘ್ರಕ್ಕ ಆ ಪತ್ರಕ್ಕೆ, ಬಂದ ಕಾಗದಕ್ಕೆಲ್ಲ ಹಾಕುವ ಆವಕದ ಮೊಹರು ಒತ್ತಿ, ಸಂಖ್ಯೆ ಹಾಕಿ, ಮತ್ತೊಮ್ಮೆ ಓದಿದಳು. ಅನುಚಿತ ಎನ್ನುವುದು ಅವಳು ಇಪ್ಪತ್ತೆರಡು ವರ್ಷ ತೊಳೆದು ಬಳಿದು ಇಟ್ಟಿದ್ದ ಪದ. ಅದರೊಳಗೆ ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ. ಪ್ರಾಧ್ಯಾಪಕರಿಗೆ ಹೊಳೆಯಿತು. ಓದಿದವರಲ್ಲವೇ.

ಪರೀಕ್ಷೆ, ರಜೆ, ಕಾರ್ಯದರ್ಶಿಯ ವರ್ಗ, ಹೊಸ ಅಧ್ಯಕ್ಷೆಯ ನೇಮಕ ಎಂದು ವಿಚಾರಣೆ ನಾಲ್ಕು ತಿಂಗಳು ಎಳೆಯಿತು. ಹೊಸ ಅಧ್ಯಕ್ಷೆ ಗಣಿತದ ಪ್ರಾಧ್ಯಾಪಕಿ, ಮಾತು ಕಡಿಮೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಬಾರದೆಂದು ಆರೋಗ್ಯ ಕೇಂದ್ರದಿಂದ ಬಟ್ಟೆಯ ಪರದೆ ತರಿಸಿ ನಡುವೆ ನಿಲ್ಲಿಸಿದ್ದರು. ಹುಡುಗಿ ಚಿಲಕದಿಂದ ಶುರುಮಾಡಿದಳು. ಪರದೆಯ ಆಚೆಯಿಂದ ಪ್ರಾಧ್ಯಾಪಕರ ಮೆಲುದನಿ ಬಂತು.

“ಮೇಡಂ, ನಾನು ಆಗ್ಲೇ ಒಪ್ಕೊಂಡಿದ್ದೀನಿ. ಸಿಟ್ಟು ಮಾಡಬಾರದಿತ್ತು, ಮಾಡಿದೆ. ಆದ್ರೆ ಈ ಚಿಲಕ, ಸೊಂಟ ಎಲ್ಲ ಈಗ ಹೊಸದಾಗಿ ಬರ್ತಿದೆ. ಅವರ ಹೇಳಿಕೆ ತಮ್ಮ ಮುಂದೇ ಇದೆ. ಅದರಲ್ಲಿ ಇದು ಎಲ್ಲಿದೆ? ಪ್ರತಿ ಪುಟಕ್ಕೂ ಅವರದೇ ಸಹಿ. ನಾಲ್ಕು ತಿಂಗಳಲ್ಲಿ ಯಾರೋ ಹೇಳಿಕೊಟ್ಟಿದ್ದಾರೆ, ಪಾಪ.”

“ನಾನು ಅವತ್ತೇ ಹೇಳಿದ್ದೆ,” ಎಂದಳು ಹುಡುಗಿ.

“ಯಾರ ಹತ್ರ ಹೇಳಿದ್ರಿ?” ಅಧ್ಯಕ್ಷೆ ಕೇಳಿದರು.

“ಇದೇ ಕೋಣೇಲಿ. ಕಾರ್ಯದರ್ಶಿಗಳು ಇದ್ರು.” ಅವಳ ಕಣ್ಣು ಒಂದು ಸಲ ಮೂಲೆಯ ಮೇಜಿನ ಕಡೆ ಹೋಗಿ ಬಂತು. ವರ್ಗವಾಗಿ ಹೋಗಿದ್ದ ಕಾರ್ಯದರ್ಶಿಯನ್ನು ಫೋನಿನಲ್ಲಿ ಕೇಳಿದರೆ, ತಮಗೆ ಸರಿಯಾಗಿ ನೆನಪಿಲ್ಲ, ಕಡತದಲ್ಲಿ ಇದ್ದದ್ದೇ ಇದ್ದದ್ದು ಎಂದುಬಿಟ್ಟರು.

ಮೂಲೆಯ ಮೇಜಿನಲ್ಲಿ ಶೀಘ್ರಕ್ಕ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ‘ನಾನು ಅವತ್ತೇ ಹೇಳಿದ್ದೆ’ ಎಂಬುದನ್ನೂ ಬರೆದುಕೊಂಡಳು. ಹೇಳಿದ್ದಳು ಎಂದು ಎದ್ದು ನಿಂತು ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಮುಂದಿನ ಗುರುವಾರಕ್ಕೆ ವಿಚಾರಣೆ ಮುಂದೂಡಿ, ಅಷ್ಟರೊಳಗೆ ಬೇರೆ ಸಾಕ್ಷ್ಯ ಇಲ್ಲದಿದ್ದರೆ ಎಚ್ಚರಿಕೆ ಕೊಟ್ಟು ಮುಗಿಸುವುದು ಎಂದು ಅಧ್ಯಕ್ಷೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಎಚ್ಚರಿಕೆ ಎಂದರೆ ಪ್ರಾಧ್ಯಾಪಕರಿಗೆ ಒಂದು ಕಾಗದ. ಹುಡುಗಿಗೆ ಮಾತ್ರ ಅದೇ ಮಾರ್ಗದರ್ಶಕ, ಅದೇ ಕೋಣೆ, ಅದೇ ಸಹಿ. ತಿಂಗಳ ಕೊನೆಯೊಳಗೆ ಆ ಸಹಿ ಬೀಳದಿದ್ದರೆ ಅವಳ ನೋಂದಣಿ ರದ್ದಾಗಿ ಮೂರು ವರ್ಷದ ಕೆಲಸ ಮಣ್ಣುಪಾಲು. ಮೇಲಾಗಿ, ಸುಳ್ಳು ಸೇರಿಸಿದಳು ಎಂಬ ಮಾತು ಬೇರೆ ಅಂಟಿಕೊಳ್ಳುತ್ತದೆ.

ಮನೆಯಲ್ಲಿ ಗಂಡ ಸೋಫಾದ ಮೇಲೆ ಉದ್ದಕ್ಕೆ ಮಲಗಿ ರೇಡಿಯೋ ಕೇಳುತ್ತಿದ್ದ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು, ಕಂಬದಿಂದ ಬಿದ್ದು ಬೆನ್ನು ಕೆಡಿಸಿಕೊಂಡು ಬೇಗ ಮನೆ ಸೇರಿದ್ದ. ಅವಳು ಚಪ್ಪಲಿ ಬಿಚ್ಚುತ್ತಲೇ ಎಲ್ಲವನ್ನೂ ಹೇಳಿದಳು. ಅವನು ರೇಡಿಯೋ ಆರಿಸಿದ.

“ಇನ್ನೆಷ್ಟು ತಿಂಗಳಿದೆ ನಿಂದು?”

“ಏಳು.”

“ಏಳು ತಿಂಗಳು ಬಾಯಿ ಮುಚ್ಕೊಂಡು ಇರಕ್ಕಾಗಲ್ವಾ? ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು ಕಣೇ. ಹೇಳಿಕೆ ತಿದ್ದಿದೀನಿ ಅಂತ ನೀನೇ ಹೋಗಿ ಹೇಳಿದ್ರೆ ಮೊದ್ಲು ನಿನ್ನ ಮೇಲೆ ವಿಚಾರಣೆ.”

“ತಿದ್ದಿಲ್ಲ ರೀ. ಮರ್ಯಾದೆಯಾಗಿ ಬರೆದೆ.”

“ಹಾಗಂತ ಅವರಿಗೆ ಹೇಳ್ತೀಯಾ?”

ಅವಳು ಸೊಪ್ಪು ಬಿಡಿಸಲು ಕೂತಳು. ಎಲೆಯನ್ನು ಕಸದ ಬುಟ್ಟಿಗೂ ದಂಟನ್ನು ಪಾತ್ರೆಗೂ ಹಾಕುತ್ತಿರುವುದನ್ನು ಗಂಡನೇ ನೋಡಿ ಹೇಳಬೇಕಾಯಿತು. ಅವಳಿಗೆ ಬಹಳ ಆಯಾಸವಾಗಿತ್ತು. ಒಂದು ದಿನದ ಆಯಾಸವಲ್ಲ ಅದು, ಕೂತರೂ ಮಲಗಿದರೂ ಇಳಿಯುವಂಥದ್ದಲ್ಲ. ಹಿಂದೆ ಗ್ರಂಥಾಲಯದ ಸಹಾಯಕಿಯೊಬ್ಬಳು ಟೈಪಾದ ಹಾಳೆ ಓದಿ, “ಇಷ್ಟೇನಾ ನಾನು ಹೇಳಿದ್ದು?” ಎಂದು ಕೇಳಿದ್ದಳು. ಸಹಿ ಹಾಕದೆ ಹಾಳೆಯನ್ನು ಮೇಜಿನ ಮೇಲಿಟ್ಟು ಹೋದವಳು ಮತ್ತೆ ಬರಲಿಲ್ಲ. ಶೀಘ್ರಕ್ಕ ಅದಕ್ಕೆ ‘ದೂರುದಾರರು ಆಸಕ್ತಿ ತೋರಿರುವುದಿಲ್ಲ’ ಎಂದು ಷರಾ ಬರೆದು ಮುಚ್ಚಿದ್ದಳು. ಎಷ್ಟು ವರ್ಷವಾಯಿತೋ ಏನೋ, ಆ ಹೆಂಗಸಿನ ದನಿ ಈಗ ಬಂದು ಅಡಿಗೆಮನೆಯಲ್ಲಿ ನಿಂತಿತ್ತು.

ಮರುದಿನ ಅವಳು ಕಚೇರಿಯ ಬೀರು ತೆಗೆದು ಹುಡುಕಿದಳು. ಹೇಳಿಕೆಗೆ ಸಹಿ ಬಿದ್ದ ಮೇಲೆ ಶೀಘ್ರಲಿಪಿಯ ಪುಟಗಳನ್ನು ಹರಿದು ಹಾಕಬೇಕೆಂದು ನಿಯಮ. ಶೀಘ್ರಕ್ಕ ಹರಿಯುತ್ತಿರಲಿಲ್ಲ. ತತ್ವ ಸಿದ್ಧಾಂತವೇನೂ ಇರಲಿಲ್ಲ, ಪುಟದ ಹಿಂಬದಿ ಖಾಲಿಯಿರುತ್ತದಲ್ಲ, ಮನೆಗೆ ತರಬೇಕಾದ ಸಾಮಾನಿನ ಪಟ್ಟಿ ಬರೆಯಲು ಆಗುತ್ತದೆ ಎಂಬ ಜಿಪುಣತನ ಅಷ್ಟೇ. ಹಳೆಯವೆಲ್ಲ ಸುಣ್ಣ ಬಳಿಯುವಾಗ ರದ್ದಿಗೆ ಹೋಗಿದ್ದವು. ಈ ವರ್ಷದ್ದು ಒಂದು ಉಳಿದಿತ್ತು. ತೆರೆದು ನೋಡಿದಳು. ಮೇಲೆ ತಾರೀಖು, ಕೆಳಗೆ ಗೀಟುಗಳು. ಪಂಪು ಶುರುವಾದಲ್ಲಿ ಅವಳೇ ಎಳೆದಿದ್ದ ಒಂದು ಅಡ್ಡಗೆರೆ. ಆಮೇಲೆ ‘ಬೇಡ ಸರ್’. ಅದರ ಕೆಳಗೇ ಮತ್ತೆ ‘ಬೇಡ ಸರ್’.

ಬಾಗಿಲಲ್ಲಿ ಆಡಳಿತ ವಿಭಾಗದ ಸೂಪರಿಂಟೆಂಡೆಂಟ್ ನಿಂತಿದ್ದರು. ಕೈಯಲ್ಲಿ ಟೀ ಲೋಟ.

“ಏನಕ್ಕಾ, ಬೀರು ಶುದ್ಧಿ ನಡೀತಿದೆ?”

“ಹೂಂ ಸರ್.”

“ಹಳೇ ನೋಟ್‌ಬುಕ್ ಎಲ್ಲ ನಿಯಮದ ಪ್ರಕಾರ ಹರಿದು ಹಾಕಿದ್ದೀರಿ ತಾನೆ?” ಅವರು ಪುಸ್ತಕವನ್ನೇ ನೋಡುತ್ತ ಕೇಳಿದರು. “ಹಾಕಿಲ್ಲದಿದ್ರೆ ಈಗ ಹಾಕಿ. ನಮಗ್ಯಾಕೆ ಬೇಕು ಊರ ಉಸಾಬರಿ? ಯಾರೂ ನಿಮ್ಮನ್ನ ಕೇಳಿಲ್ಲ, ಕೇಳೋದೂ ಇಲ್ಲ.”

ಕೆಟ್ಟ ಮನುಷ್ಯರಲ್ಲ ಅವರೂ. ಅವಳ ನಿವೃತ್ತಿಯ ಕಾಗದಪತ್ರವನ್ನೆಲ್ಲ ತಾವೇ ನಿಂತು ಮಾಡಿಸುತ್ತಿದ್ದರು. ಯಾರೂ ಕೇಳುವುದಿಲ್ಲ ಎಂಬುದು ಧೈರ್ಯ ಹೇಳುವ ಮಾತೆಂದೇ ಅವರು ತಿಳಿದಿದ್ದರು. ಶೀಘ್ರಕ್ಕ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡಳು. ಹರಿಯಲಿಕ್ಕೋ ಇಟ್ಟುಕೊಳ್ಳಲಿಕ್ಕೋ ಅವಳಿಗೇ ಗೊತ್ತಿರಲಿಲ್ಲ. ಐದು ದಿನ ಅದು ಊಟದ ಡಬ್ಬಿಯ ಜೊತೆ ಮನೆಗೂ ಕಚೇರಿಗೂ ಓಡಾಡಿತು.

ಗುರುವಾರ ಎಲ್ಲರೂ ಕೂತರು. ಪರದೆಯ ಈಚೆ ಹುಡುಗಿ, ಆಚೆ ಪ್ರಾಧ್ಯಾಪಕರು, ಮುಂದೆ ಅಧ್ಯಕ್ಷೆ ಮತ್ತು ಮೂವರು ಸದಸ್ಯರು. “ದೂರುದಾರರ ಕಡೆಯಿಂದ ಬೇರೆ ಸಾಕ್ಷ್ಯ ಏನಾದ್ರೂ ಇದೆಯಾ?” ಎಂದು ಅಧ್ಯಕ್ಷೆ ಕೇಳಿದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಬಾಯಿಂದ ಹೇಳಿ, ದಾಖಲಾಗಬೇಕು ಎಂದರು ಅಧ್ಯಕ್ಷೆ. ಹುಡುಗಿ, “ಇಲ್ಲ,” ಎಂದಳು.

ಅದನ್ನು ಬರೆದುಕೊಳ್ಳಬೇಕಿತ್ತು. ಶೀಘ್ರಕ್ಕ ಪೆನ್ಸಿಲು ಕೆಳಗಿಟ್ಟಳು.

“ಇದೆ ಮೇಡಂ,” ಎಂದಳು. “ಆ ಹುಡುಗಿ ಅವತ್ತೇ ಎಲ್ಲಾ ಹೇಳಿದ್ಲು. ಚಿಲಕಾನೂ ಹೇಳಿದ್ಲು. ಟೈಪ್ ಮಾಡೋವಾಗ ನಾನು ಬಿಟ್ಟೆ. ಶೀಘ್ರಲಿಪಿ ಪುಸ್ತಕದಲ್ಲಿ ಇದೆ.”

ಅವಳು ಎದ್ದು ಹೋಗಿ, ತನ್ನದೇ ನಿಧಾನದಲ್ಲಿ, ಪುಸ್ತಕವನ್ನು ಅಧ್ಯಕ್ಷೆಯ ಮುಂದಿಟ್ಟಳು. ಪರದೆಯಾಚೆಯಿಂದ ಪ್ರಾಧ್ಯಾಪಕರು ನಕ್ಕ ಸದ್ದಾಯಿತು.

“ಗೀಟು ಎಳೆದ ಪುಸ್ತಕ ಮೇಡಂ. ಅದನ್ನ ಓದೋರು ಯಾರು? ಇವರು ಏನು ಓದಿದ್ರೂ ಅದೇ ಆಯ್ತು.”

ಆ ಮಾತಿನಲ್ಲಿ ಹುರುಳಿತ್ತು. ಒಂದು ಕಾಲಕ್ಕೆ ವಿಶ್ವವಿದ್ಯಾಲಯದಲ್ಲಿ ಹದಿನೆಂಟು ಜನ ಶೀಘ್ರಲಿಪಿಯವರಿದ್ದರು. ಈಗ ಅವಳನ್ನು ಬಿಟ್ಟರೆ ಉಳಿದವನು ಒಬ್ಬನೇ, ಕುಲಪತಿಗಳ ಕಚೇರಿಯ ಸ್ಟೆನೊ. ಅವಳು ಕಲಿತ ಸಂಸ್ಥೆಯಲ್ಲೇ ಎರಡು ವರ್ಷ ಹಿಂದೆಮುಂದೆ ಕಲಿತವನು. ಅಧ್ಯಕ್ಷೆ ಅವನಿಗೆ ಹೇಳಿ ಕಳುಹಿಸಿದರು. ವಿಷಯ ಏನೆಂದು ತಿಳಿಸದೆ ಪುಟ ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಓದಿ ಎಂದರು.

ಅವನು ಕನ್ನಡಕ ಏರಿಸಿ ತಾರೀಖು ಓದಿದ. ಇನ್ನೊಬ್ಬರ ಕೈಬರಹ, ಅದೂ ಅವಸರದ್ದು. ತಡವರಿಸುತ್ತ ಓದಿದ. “ಎರಡು ಸಲ ಹೋದೆ... ಹೆಣ್ಣುಮಕ್ಕಳಿಗೆ ಯಾಕೆ ಈ ಹೊ... ಹೊಲ ಸುತ್ತೋ ಕೆಲಸ...” ಪುಟ ತಿರುವಿದಾಗ ಹಿಂಬದಿಯದೂ ಓದಿಬಿಟ್ಟ. “ಬಟ್ಟೆ ಸೋಪು, ಬೆಂಕಿಪೊಟ್ಟಣ, ಬಲ್ಬು ಒಂದು.” ಒಬ್ಬ ಸದಸ್ಯರು ಕೆಮ್ಮಿದರು. ಅದು ಬಿಟ್ಟು ಮುಂದಿನ ಪುಟಕ್ಕೆ ಹೋಗಿ ಎಂದರು ಅಧ್ಯಕ್ಷೆ.

“ಬಾಗಿಲಿಗೆ ಚಿಲಕ ಹಾಕಿದ್ರು. ಸಹಿ ಬೇಕಾದ್ರೆ ಹತ್ರ ಬಾ ಅಂದ್ರು.” ಅವನ ದನಿ ಇಳಿಯಿತು. ಕತ್ತೆತ್ತಿ ಶೀಘ್ರಕ್ಕನ ಕಡೆ ನೋಡಿದ. ನಂತರ ಪರದೆ, ಹುಡುಗಿ, ಎಲ್ಲ ಅವನ ಕಣ್ಣಿಗೆ ಬಿತ್ತು.

“ಓದಿ,” ಎಂದರು ಅಧ್ಯಕ್ಷೆ.

“ಸೊಂಟಕ್ಕೆ ಕೈ ಹಾಕಿ ಎಳ್ಕೊಂಡ್ರು. ನಾನು ಬೇಡ ಸರ್ ಅಂದೆ. ಬಿಡ್ಲಿಲ್ಲ.” ಅವನು ಬೆವರು ಒರೆಸಿಕೊಂಡು ಮುಗಿಸಿದ. “ಮತ್ತೆ ಬೇಡ ಸರ್ ಅಂದೆ.”

ಅಧ್ಯಕ್ಷೆ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಅದರಲ್ಲಿ ತಮಗೆ ಓದಲು ಬರುವುದೇನೂ ಇಲ್ಲದಿದ್ದರೂ ಸ್ವಲ್ಪ ಹೊತ್ತು ನೋಡಿದರು.

“ಯಾಕೆ ಬಿಟ್ರಿ ಇದನ್ನ?”

“ಹುಡುಗಿ ಮರ್ಯಾದೆ ಮೇಡಂ. ಫೈಲು ಎಲ್ಲರ ಕೈಗೂ ಹೋಗುತ್ತಲ್ಲ.”

“ಇದೊಂದೇನಾ ಹೀಗೆ ಮಾಡಿದ್ದು?”

ಸುಳ್ಳು ಹೇಳಬಹುದಿತ್ತು. ಹಳೆಯ ಪುಸ್ತಕಗಳು ರದ್ದಿಗೆ ಹೋಗಿದ್ದವು, ಯಾರೂ ಹಿಡಿಯುವಂತಿರಲಿಲ್ಲ. “ಅಲ್ಲ ಮೇಡಂ,” ಎಂದಳು. “ಎಲ್ಲಾ ಹೀಗೇ. ಮೂವತ್ತೊಂದು ಹೇಳಿಕೆ.”

ಅಧ್ಯಕ್ಷೆ ಪುಸ್ತಕ ಮುಚ್ಚಿದರು. ಆಮೇಲೆ ಆದೇಶ ಹೇಳಿದರು. ಹೇಳಿಕೆಯನ್ನು ಪುಸ್ತಕದಲ್ಲಿದ್ದಂತೆ ಮತ್ತೆ ಟೈಪು ಮಾಡಿಸುವುದು, ಅದನ್ನು ಕುಲಪತಿಗಳ ಸ್ಟೆನೊ ಮಾಡುವುದು. ವಿಚಾರಣೆ ಮೊದಲಿನಿಂದ. ಅಲ್ಲಿಯವರೆಗೆ ಹುಡುಗಿಗೆ ಬೇರೆ ಮಾರ್ಗದರ್ಶಕರು, ವರದಿಗೆ ಅವರ ಸಹಿ. ಇದನ್ನೆಲ್ಲ ಬರೆದುಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಶೀಘ್ರಕ್ಕನೇ ಬರೆದುಕೊಂಡಳು. ಕೊನೆಗೆ ಅವಳ ಸರದಿ. “ಸದರಿ ಶೀಘ್ರಲಿಪಿಗಾರ್ತಿಯು ಹೇಳಿಕೆ ದಾಖಲಿಸುವಲ್ಲಿ ಅನುಚಿತವಾಗಿ...” ಎಂದು ಅಧ್ಯಕ್ಷೆ ಹೇಳಿ ಬರೆಸತೊಡಗಿದರು.

“ಮೇಡಂ, ಹಾಗೆ ಬೇಡ,” ಎಂದಳು ಅವಳು. “ಏನು ಮಾಡಿದೆ ಅಂತಾನೇ ಹೇಳಿ. ಬರ್ಕೋತೀನಿ.”

ಅವರು ಹೇಳಿದರು. ಅವಳು ಬರೆದುಕೊಂಡಳು. ಇನ್ನು ಮುಂದೆ ಹೇಳಿಕೆ ಬರೆದುಕೊಳ್ಳುವ ಕೆಲಸ ಅವಳಿಗಿಲ್ಲ, ಇವತ್ತಿನ ನಡಾವಳಿ ಟೈಪು ಮಾಡಿಕೊಟ್ಟರೆ ಮುಗಿಯಿತು, ಮೇಲಿನವರ ತೀರ್ಮಾನ ಬರುವವರೆಗೆ ಆವಕದ ಮೊಹರು ಒತ್ತುವುದಷ್ಟೇ.

ಹೊರಗೆ ಬಂದಾಗ ಮಣ್ಣಿನ ಹುಡುಗಿ ಪಂಪಿನ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತಿದ್ದಳು. ಶೀಘ್ರಕ್ಕ ಅವಳ ಮುಂದೆ ನಿಂತಳು. ಐದು ದಿನದಿಂದ ಒಂದು ಮಾತನ್ನು ಕಟ್ಟಿಟ್ಟುಕೊಂಡಿದ್ದಳು, ಈಗ ಅದು ಪೂರ್ತಿ ಬರಲಿಲ್ಲ.

“ತಪ್ಪಾಯ್ತಮ್ಮ,” ಎಂದಳು.

ಹುಡುಗಿ ಅವಳನ್ನೇ ನೋಡುತ್ತಿದ್ದಳು. ಕೋಪವಿದ್ದಂತೆ ಕಾಣಲಿಲ್ಲ, ಅವಳೂ ದಣಿದಿದ್ದಳು.

“ಅಂದ್ರೆ ಅವತ್ತು ನೀವು ಎಲ್ಲಾ ಬರ್ಕೊಂಡಿದ್ರಾ?”

“ಬರ್ಕೊಂಡಿದ್ದೆ.”

“ನಾನು ಬೇಡ ಅಂದಿದ್ದು?”

“ಎರಡು ಸಲಾನೂ.”

ಹುಡುಗಿ ಸ್ವಲ್ಪ ಹೊತ್ತು ತನ್ನ ಉಗುರು ನೋಡಿಕೊಂಡಳು. “ನಾನು ಸರಿಯಾಗಿ ಹೇಳಲೇ ಇಲ್ವೇನೋ ಅಂದ್ಕೊಂಡಿದ್ದೆ ಅಕ್ಕಾ. ನಾಲ್ಕು ತಿಂಗಳು. ನಿಮ್ಮ ಹತ್ರಾನೂ ಹೇಳ್ಲಿಲ್ವೇನೋ, ಅವತ್ತು ಆ ಕೋಣೇಲೂ ಬೇಡ ಅಂತ ಬಾಯಿ ಬಿಟ್ಟು ಹೇಳ್ಲಿಲ್ವೇನೋ, ಬರೀ ಮನಸ್ಸಲ್ಲೇ ಅಂದ್ಕೊಂಡ್ನೇನೋ ಅಂತ. ಹಾಸ್ಟೆಲ್ ಕೋಣೇಲಿ ಒಬ್ಬಳೇ ಹೇಳಿ ನೋಡ್ತಿದ್ದೆ, ನನ್ನ ದನಿ ಕೇಳಿಸುತ್ತಾ ಅಂತ.”

ಶೀಘ್ರಕ್ಕ ಬೆಂಚಿನ ತುದಿ ಹಿಡಿದುಕೊಂಡಳು.

“ನಿಮಗೆ ಅವತ್ತೇ ಕೇಳಿಸಿತ್ತು,” ಎಂದಳು ಹುಡುಗಿ.

“ಕೇಳಿಸಿತ್ತಮ್ಮ.”

ಹುಡುಗಿ ತಲೆಯಾಡಿಸಿದಳು. ಚೀಲ ಹೆಗಲಿಗೇರಿಸಿ ಎದ್ದು, ಹೋಗಿ ಬರುತ್ತೇನೆ ಎಂದೂ ಅನ್ನದೆ, ಕಾರಿಡಾರಿನ ತುದಿಯವರೆಗೆ ನಡೆದು ಎಡಕ್ಕೆ ತಿರುಗಿದಳು. ಅವಳು ಕೂತಿದ್ದ ಜಾಗದಲ್ಲೇ ಶೀಘ್ರಕ್ಕ ಕೂತಳು. ಒಳಗಿನಿಂದ ಯಾರೋ, ಅಕ್ಕಾ, ನಡಾವಳಿ ಟೈಪ್ ಆಗಬೇಕಿತ್ತು ಎಂದು ಕರೆದರು. ಅವಳಿಗೆ ಕೇಳಿಸಿತು, ಏಳಲಾಗಲಿಲ್ಲ.